ಬದಲಿಸಿದ್ದು ಬ್ಯಾಟರಿ, ಸುಟ್ಟದ್ದು ಬೇರೆ: ಕಲಾದಗಿ ಸೀಮೆಯ ಒಂದು ಕೈಕೆಲಸದ ಎಲೆಕ್ಟ್ರಿಕ್ ಬೈಕಿನ ಪ್ರಕರಣ

ಚಿಕ್ಕು ತುಂಬಿದ ಎರಡು ಕ್ರೇಟು ಹೇರಿಕೊಂಡು ಹಳ್ಳ ದಾಟಿ ಏರು ಹತ್ತುವಾಗ ಕಾಕಾನ ಬೈಕು ಬಿಕ್ಕುತ್ತಿತ್ತು. ಮೂರು ಮಾರು ಹೋಗಿ ನಿಲ್ಲುವುದು, ಆ್ಯಕ್ಸಿಲರೇಟರ್ ಬಿಟ್ಟು ಮತ್ತೆ ತಿರುವಿದರೆ ಇನ್ನೆರಡು ಮಾರು ಹೋಗುವುದು, ಮತ್ತೆ ನಿಲ್ಲುವುದು. ಬೆಳಗಿನ ಮೊದಲ ಸುತ್ತಿನಲ್ಲಿ ಈ ತೊಂದರೆ ಇರುತ್ತಿರಲಿಲ್ಲ. ಎರಡನೆಯದರಲ್ಲಿ ಶುರುವಾಗುತ್ತಿತ್ತು. ಮೂರನೆಯದರಲ್ಲಿ ಕಾಕಾ ಇಳಿದು ತಳ್ಳುತ್ತಿದ್ದರು.

"ತಮ್ಮಾ, ಏರು ಕಂಡರೆ ಮಲಗಿಬಿಡುವ ಎತ್ತಿನ ಹಾಗೆ ಆಗಿದೆ ಇದು. ಬ್ಯಾಟರಿ ಬದಲಿಸಿ ಕೊಡು" ಎಂದು ಅವರು ನನ್ನ ಅಂಗಡಿಗೆ ಬಂದದ್ದು ಫೆಬ್ರುವರಿಯಲ್ಲಿ. ಬಾಗಲಕೋಟೆಯ ನವನಗರದಲ್ಲಿ ನನ್ನದು ಮೋಟಾರ್ ವೈಂಡಿಂಗ್ ಅಂಗಡಿ. ಪಂಪ್‌ಸೆಟ್ ಸುಟ್ಟವರು ಬರುವ ಜಾಗ. ಇತ್ತೀಚೆಗೆ ಇನ್ವರ್ಟರ್, ಬ್ಯಾಟರಿ, ಸೋಲಾರ್ ಕೆಲಸವೂ ಸೇರಿಕೊಂಡಿದೆ. ಎರಡು ದಿನದ ಕೆಲಸ ಎಂದು ಹೇಳಿ ಮುಂಗಡ ತೆಗೆದುಕೊಂಡೆ. ಮುಗಿಯುವಾಗ ಏಪ್ರಿಲ್ ಅರ್ಧ ಕಳೆದಿತ್ತು. ಹಳೆಯದೆಂದು ಉಳಿದದ್ದು ಚಾಸಿ, ಮೋಟಾರು, ಕಂಟ್ರೋಲರ್ ಅಷ್ಟೇ. ಇಂಥ ಬೈಕು ಮಾಡಿಕೊಂಡವರು ಈ ಸೀಮೆಯಲ್ಲಿ ಇನ್ನೂ ಕೆಲವರಿದ್ದಾರೆ, ಇಂದಲ್ಲ ನಾಳೆ ಅವರೂ ಬ್ಯಾಟರಿ ಬದಲಿಸುವವರೇ. ಅದಕ್ಕಾಗಿ ನಡೆದದ್ದನ್ನು, ನನ್ನ ತಪ್ಪುಗಳನ್ನೂ ಸೇರಿಸಿ, ಅಳತೆಗಳ ಸಮೇತ ಬರೆದಿಡುತ್ತಿದ್ದೇನೆ.

ಬೈಕಿನ ಜಾತಕ

ಎಂಜಿನ್ ಸೀಜಾದ 100 ಸಿಸಿಯ ಹಳೆಯ ಬೈಕೊಂದರ ಚಾಸಿಗೆ ಕಾಕಾ ಇ-ರಿಕ್ಷಾದ 48 ವೋಲ್ಟ್, 1200 ವ್ಯಾಟ್ ಮೋಟಾರು ಕೂರಿಸಿದ್ದರು. ಮೋಟಾರು ನಿಮಿಷಕ್ಕೆ 3000 ಸುತ್ತು ತಿರುಗುವಂಥದ್ದು, ಚಕ್ರಕ್ಕೆ ಅಷ್ಟು ಬೇಡ. ಆದ್ದರಿಂದ ನಡುವೆ ಜ್ಯಾಕ್ ಶಾಫ್ಟ್ ಎಂಬ ಇನ್ನೊಂದು ತಿರುಗುವ ದಂಡ ಹಾಕಿ ಎರಡು ಹಂತದಲ್ಲಿ ಚೈನು ಎಳೆದಿದ್ದರು. ಮೋಟಾರಿಗೆ ಕರೆಂಟ್ ಅಳೆದು ಬಿಡುವ ಕಂಟ್ರೋಲರ್ 50 ಆಂಪಿಯರಿನದು. ಬ್ಯಾಟರಿ ಎಂದರೆ ಯುಪಿಎಸ್‌ಗೆ ಹಾಕುವ 12 ವೋಲ್ಟ್, 42 ಆಂಪಿಯರ್-ಅವರ್‌ನ ಸೀಸದ ಬ್ಯಾಟರಿ ನಾಲ್ಕು. ಎರಡು ಎಂಜಿನ್ ಇದ್ದ ಜಾಗದಲ್ಲಿ, ಇನ್ನೆರಡು ಹಿಂಬದಿಯ ಇಕ್ಕೆಲದಲ್ಲಿ, ಎತ್ತಿನ ಬೆನ್ನ ಮೇಲಿನ ಹೇರಿನ ಹಾಗೆ. ಒಂದೊಂದು 13.5 ಕೆಜಿ, ಒಟ್ಟು 54. ನೋಡಲು ಚೆಂದವಿಲ್ಲ. ಆದರೆ ವೆಲ್ಡಿಂಗ್ ಗಟ್ಟಿಯಾಗಿತ್ತು, ಚೈನು ದಾರ ಹಿಡಿದಂತೆ ನೇರವಿತ್ತು. ಇದನ್ನು ಮಾಡಿದವರು ಯಂತ್ರ ಬಲ್ಲವರು ಎಂಬುದು ನೋಡಿದ ಕೂಡಲೇ ತಿಳಿಯುತ್ತಿತ್ತು. ವಿದ್ಯುತ್ತಿನ ಕಡೆಗೆ ಬಂದರೆ ಮಾತು ಬೇರೆ. ಮನೆ ವೈರಿಂಗಿನ 4 ಚದರ ಮಿಲಿಮೀಟರ್ ತಂತಿ, ಮನೆಯ ಬೋರ್ಡಿನದೇ 32 ಆಂಪಿಯರ್ ಎಂಸಿಬಿ, ಅಂದರೆ ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್ಚು. ಅದನ್ನು ನೋಡಿದ್ದೆ, ನೋಡಿ ಸುಮ್ಮನಾಗಿದ್ದೆ. ಹದಿನಾಲ್ಕು ತಿಂಗಳು ಓಡಿದೆಯಲ್ಲ, ಇನ್ನೂ ಓಡುತ್ತದೆ ಎಂಬ ಲೆಕ್ಕ ನನ್ನದು.

ಕಾಕಾನ ಊರು ಕಲಾದಗಿಯ ಆಚೆ, ಘಟಪ್ರಭೆಯ ದಂಡೆಗೆ ಹತ್ತಿರ. ತೋಟದಿಂದ ರಸ್ತೆಯ ಅಂಚಿಗೆ ನಾಲ್ಕು ಕಿಲೋಮೀಟರ್ ಬಂಡಿದಾರಿ, ನಡುವೆ ಆ ಹಳ್ಳ. ದಿನಕ್ಕೆ ನಾಲ್ಕು ಸುತ್ತು, 32 ಕಿಲೋಮೀಟರ್. ಅಷ್ಟೇ ಬೈಕಿನ ಕೆಲಸ. ಡಾಂಬರಿಗೆ ಅದನ್ನು ಹತ್ತಿಸುವ ಹಾಗಿಲ್ಲ. ಪೆಟ್ರೋಲ್ ಗಾಡಿಯನ್ನು ಹೀಗೆ ಮಾರ್ಪಡಿಸಿ ರಸ್ತೆಗೆ ಇಳಿಸಬೇಕೆಂದರೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿಗೆ ಒಳಪಡಬೇಕು, ಅನುಮೋದನೆ ಪಡೆದ ಕಿಟ್ಟನ್ನೇ ಹಾಕಿಸಬೇಕು. ನೋಂದಣಿ ಬೇಡವೆಂಬ ವಿನಾಯಿತಿ 250 ವ್ಯಾಟಿನೊಳಗಿನ, ಗಂಟೆಗೆ 25 ಕಿಲೋಮೀಟರ್ ಮೀರದ ಗಾಡಿಗಳಿಗೆ ಮಾತ್ರ. ಇದನ್ನು ಕೆಲಸ ಹಿಡಿಯುವ ಮೊದಲೇ ಹೇಳಿದ್ದೆ. ಕಾಕಾ ತಲೆಯಾಡಿಸಿದರು. ಸಂತೆಯ ದಿನ ಏನು ಮಾಡುತ್ತಾರೋ ನಾನು ನೋಡಲು ಹೋಗಿಲ್ಲ.

ಸೀಸದ ಬ್ಯಾಟರಿಗೆ ಏನಾಗಿತ್ತು

ಸುಮ್ಮನೆ ನಿಂತಾಗ ನಾಲ್ಕೂ ಬ್ಯಾಟರಿ ಚೆನ್ನಾಗಿಯೇ ಕಂಡವು: 12.6, 12.5, 12.6, 12.4 ವೋಲ್ಟ್. ಮೀಟರ್ ಹಿಡಿದು ಇಷ್ಟಕ್ಕೇ "ಬ್ಯಾಟರಿ ಸರಿ ಇದೆ" ಎಂದು ಹೇಳಿ ಕಳುಹಿಸುವವರು ಬಹಳ. 25 ಆಂಪಿಯರ್ ಎಳೆದು ನೋಡಿದಾಗ ಬಣ್ಣ ಬಯಲಾಯಿತು: 11.8, 11.6, 11.7, ನಾಲ್ಕನೆಯದು 9.3. ಸರಣಿಯಲ್ಲಿ ಜೋಡಿಸಿದ ಬ್ಯಾಟರಿಗಳು ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳು. ಕುಂಟುವುದರ ನಡಿಗೆಯೇ ಎಲ್ಲದರ ನಡಿಗೆ. ಒಟ್ಟು ವೋಲ್ಟೇಜು 44.4ಕ್ಕೆ ಬಂದು ನಿಂತಿತ್ತು. ಏರಿನಲ್ಲಿ ಇನ್ನೂ ಹತ್ತು ಆಂಪಿಯರ್ ಹೆಚ್ಚು ಕೇಳಿದರೆ ಅದು 42ಕ್ಕೆ ಕುಸಿಯುತ್ತದೆ. 42 ಎಂದರೆ ಕಂಟ್ರೋಲರ್ ಕೈಚೆಲ್ಲುವ ಮಟ್ಟ. ಅದು ಕರೆಂಟ್ ನಿಲ್ಲಿಸಿದ ಕೂಡಲೇ ಬ್ಯಾಟರಿ ಉಸಿರು ತೆಗೆದುಕೊಂಡು 47ಕ್ಕೆ ಏರುತ್ತದೆ, ಕಂಟ್ರೋಲರ್ ಮತ್ತೆ ಬಿಡುತ್ತದೆ, ಮತ್ತೆ ಕುಸಿತ. ಕಾಕಾನ ಬೈಕಿನ ಬಿಕ್ಕಳಿಕೆ ಇದೇ.

ಹೊಸದಾಗಿದ್ದಾಗಲೂ ಆ ಬ್ಯಾಟರಿಯಿಂದ 42 ಆಂಪಿಯರ್-ಅವರ್ ಬರುತ್ತಿರಲಿಲ್ಲ. ಮೈಮೇಲೆ ಬರೆದ ಅಂಕಿ ಇಪ್ಪತ್ತು ಗಂಟೆ ಹಿಡಿದು, ಸುಮಾರು ಎರಡು ಆಂಪಿಯರಿನಂತೆ ನಿಧಾನವಾಗಿ ಖಾಲಿ ಮಾಡಿದಾಗಿನದು. ಒಂದೇ ಗಂಟೆಯಲ್ಲಿ ಹೀರಿದರೆ ಸೀಸದ ಬ್ಯಾಟರಿ ಅದರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ ಕೊಡುತ್ತದೆ. ಪ್ಯೂಕರ್ಟ್ ಎಂಬ ಜರ್ಮನ್ ವಿಜ್ಞಾನಿ 1897ರಲ್ಲೇ ಇದಕ್ಕೆ ಸೂತ್ರ ಬರೆದಿಟ್ಟಿದ್ದಾನೆ. ಬ್ಯಾಟರಿ ಅಂಗಡಿಯವರು ಇನ್ನೂ ಓದಿದಂತಿಲ್ಲ. ಮೇಲೆ ನಮ್ಮ ಬಿಸಿಲು. 25 ಡಿಗ್ರಿಯ ಮೇಲೆ ಎಂಟು-ಹತ್ತು ಡಿಗ್ರಿ ಏರಿದಂತೆ ಸೀಸದ ಬ್ಯಾಟರಿಯ ಆಯುಷ್ಯ ಅರ್ಧವಾಗುತ್ತದೆಂಬುದು ರೂಢಿಯ ಲೆಕ್ಕ. ಕಾಕಾನ ಬ್ಯಾಟರಿ ತಗಡಿನ ಶೆಡ್ಡಿನಲ್ಲಿ ಇರುತ್ತಿತ್ತು. ಎಷ್ಟೋ ರಾತ್ರಿ ಕರೆಂಟ್ ಇಲ್ಲದೆ ಅರ್ಧ ಖಾಲಿಯಾಗಿಯೇ ಬೆಳಗು ಕಂಡಿತ್ತು. ಖಾಲಿ ಬಿಟ್ಟ ಸೀಸದ ಬ್ಯಾಟರಿಯ ಪ್ಲೇಟಿನ ಮೇಲೆ ಸಲ್ಫೇಟು ಗಟ್ಟಿಯಾಗಿ ಕೂರುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಅದು ಪೂರ್ತಿ ಕರಗುವುದಿಲ್ಲ. ನನ್ನ ಅಳತೆಯಲ್ಲಿ ಕೈಗೆ ಸಿಕ್ಕದ್ದು 12 ಆಂಪಿಯರ್-ಅವರ್. 16 ಕಿಲೋಮೀಟರಿಗೆ ಅದು ಸರಿಹೋಗುತ್ತದೆ, ಅಂದರೆ ಎರಡು ಸುತ್ತು. ಮೂರನೆಯದಕ್ಕೆ ಏಕೆ ತಳ್ಳಬೇಕಾಗುತ್ತಿತ್ತು ಎಂಬುದಕ್ಕೆ ಬೇರೆ ಉತ್ತರ ಬೇಕಿಲ್ಲ.

ಏನು ಹಾಕಬೇಕು

ಅದೇ ಜಾತಿಯ ಹೊಸ ಬ್ಯಾಟರಿ ಹಾಕುವುದು ಅಗ್ಗ. ಮುಂದಿನ ವರ್ಷ ಮತ್ತೆ ಇಲ್ಲಿಗೇ ಬರಬೇಕು ಎಂದೆ. ಕಾಕಾ ಬೇಡವೆಂದರು. ಅವರ ಅಳಿಯ ಹಳೆಯ ಲ್ಯಾಪ್‌ಟಾಪ್ ಸೆಲ್ಲುಗಳನ್ನು ಬೆಸೆದು ಮಾಡಿದ ಪ್ಯಾಕೊಂದನ್ನು ಕಡಿಮೆ ಬೆಲೆಗೆ ಕೊಡಿಸುತ್ತೇನೆ ಎಂದಿದ್ದನಂತೆ. ಅದಕ್ಕೆ ನಾನು ಕೈ ಮುಗಿದೆ. 2022ರಲ್ಲಿ ದೇಶದ ಹಲವು ಕಡೆ ಸ್ಕೂಟರುಗಳು ಹೊತ್ತಿಕೊಂಡ ಮೇಲೆ ಕಂಪನಿಗಳಿಗೇ ಎಐಎಸ್-156 ಎಂಬ ಬ್ಯಾಟರಿ ಪರೀಕ್ಷೆಯ ನಿಯಮಗಳನ್ನು ಬಿಗಿ ಮಾಡಿದ್ದಾರೆ. ಎಲ್ಲಿಯದೋ ಸೆಲ್ಲು, ಯಾರೋ ಬೆಸೆದದ್ದು, ಅದನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರುವ ಧೈರ್ಯ ನನಗಿಲ್ಲ, ಕಾಕಾನನ್ನು ಕೂರಿಸುವ ಧೈರ್ಯವಂತೂ ಇಲ್ಲವೇ ಇಲ್ಲ.

ಆರಿಸಿದ್ದು ಲಿಥಿಯಂ ಐರನ್ ಫಾಸ್ಫೇಟ್. ಅಂಗಡಿಯ ಮಾತಿನಲ್ಲಿ ಎಲ್‌ಎಫ್‌ಪಿ. ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ 1990ರ ದಶಕದಲ್ಲಿ ಜಾನ್ ಗುಡ್‌ಇನಫ್ ಅವರ ತಂಡ ಕಂಡುಕೊಂಡ ಸಾಮಗ್ರಿ ಇದು. ಲಿಥಿಯಂ ಬ್ಯಾಟರಿಯ ಕೆಲಸಕ್ಕಾಗಿ 2019ರಲ್ಲಿ ಅವರಿಗೆ ನೊಬೆಲ್ ಬಂದಾಗ ವಯಸ್ಸು 97. ಮೊಬೈಲಿನಲ್ಲಿರುವ ಲಿಥಿಯಂ ಸೆಲ್ಲಿಗಿಂತ ಇದು ಭಾರ ಹೆಚ್ಚು, ಆದರೆ ಬಿಸಿಗೆ ಬೇಗ ಕೆರಳುವುದಿಲ್ಲ. ಬಾಗಲಕೋಟೆಯ ಏಪ್ರಿಲ್ ಕಂಡವರಿಗೆ ಇದೊಂದೇ ಕಾರಣ ಸಾಕು. ಒಂದು ಸೆಲ್ಲು 3.2 ವೋಲ್ಟ್, 50 ಆಂಪಿಯರ್-ಅವರ್. ಹದಿನಾರನ್ನು ಸರಣಿಯಲ್ಲಿ ಜೋಡಿಸಿದರೆ 51.2 ವೋಲ್ಟ್, ಹಳೆಯ ಕಂಟ್ರೋಲರ್ ತಕರಾರಿಲ್ಲದೆ ಒಪ್ಪುವ ವೋಲ್ಟೇಜು. ಪೆಟ್ಟಿಗೆಯೂ ಸೇರಿ ತೂಕ 27 ಕೆಜಿ, ಹಳೆಯದರ ಅರ್ಧ. ಸೆಲ್ಲು ಮತ್ತು ಬಿಎಂಎಸ್‌ಗೆ ಬಿದ್ದದ್ದು 46 ಸಾವಿರ ರೂಪಾಯಿ. ಬಿಎಂಎಸ್ ಎಂದರೆ ಒಂದೊಂದು ಸೆಲ್ಲಿನ ವೋಲ್ಟೇಜು ನೋಡುತ್ತಾ, ಮಿತಿ ಮೀರಿದರೆ ಇಡೀ ಪ್ಯಾಕನ್ನೇ ಕಡಿದುಹಾಕುವ ಕಾವಲುಗಾರ ಬೋರ್ಡು. ನಾವು ತಂದದ್ದು 60 ಆಂಪಿಯರಿನದು.

ಜೋಡಣೆ, ಮತ್ತು ನನ್ನ ಮೊದಲ ತಪ್ಪು

ಕೊರಿಯರ್ ಪೆಟ್ಟಿಗೆ ಬಿಚ್ಚಿ ಹದಿನಾರನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು ಮೀಟರ್ ಹಿಡಿದೆ. 3.29, 3.30, 3.29, 3.30. ಕೊನೆಯವರೆಗೂ ಹೀಗೆಯೇ. ಮಾರಿದವರೂ "ಮ್ಯಾಚ್ ಮಾಡಿದ ಸೆಲ್ಲು" ಎಂದಿದ್ದರು. ಎಲ್ಲವೂ ಒಂದೇ ಮಟ್ಟದಲ್ಲಿವೆ ಎಂದು ನಂಬಿ ಜೋಡಿಸಲು ಕುಳಿತೆ.

ಜೋಡಿಸುವ ಕೆಲಸ ನನಗೆ ಇಷ್ಟದ್ದು. ಸೆಲ್ಲಿನ ಹೊರ ಮೈ ಅಲ್ಯೂಮಿನಿಯಂ, ಮೇಲೆ ತೆಳುವಾದ ನೀಲಿ ಪ್ಲಾಸ್ಟಿಕ್ ಹೊದಿಕೆ. ಬಂಡಿದಾರಿಯಲ್ಲಿ ಒಂದಕ್ಕೊಂದು ಉಜ್ಜಿದರೆ ಹೊದಿಕೆ ಎಷ್ಟು ದಿನ ಬಾಳೀತು? ನಡುನಡುವೆ ನಿರೋಧಕ ಹಾಳೆ ಬೇಕು. ಕೈ ಮೊದಲು ಹೋದದ್ದು ವೈಂಡಿಂಗಿಗೆ ಬಳಸುವ ಲೆದರಾಯ್ಡ್ ಕಾಗದಕ್ಕೆ. ಅದು ತೇವ ಹೀರುತ್ತದೆಂದು ನೆನಪಾಗಿ ಗ್ಲಾಸ್ ಎಪಾಕ್ಸಿ ಹಾಳೆ ಕತ್ತರಿಸಿ ಇಟ್ಟೆ. ಸೆಲ್ಲುಗಳನ್ನು ಗಟ್ಟಿ ತಾಮ್ರದ ಪಟ್ಟಿಯಿಂದ ಜೋಡಿಸಲಿಲ್ಲ, ನಡುವೆ ಬಾಗುವ ಹೆಣೆದ ಪಟ್ಟಿ ಹಾಕಿದೆ. ಗಟ್ಟಿ ಪಟ್ಟಿಯಾದರೆ ಪ್ರತಿ ಕುಲುಕಾಟವೂ ಸೆಲ್ಲಿನ ತಿರುಪಿನ ಬುಡವನ್ನೇ ಎಳೆಯುತ್ತದೆ.

ಪಟ್ಟಿಗಳ ಜೋಡಣೆ ಮುಗಿದ ಮೇಲೆ 25 ಆಂಪಿಯರ್ ಎಳೆಯುತ್ತಾ ಒಂದೊಂದು ಸಂದಿಯ ಎರಡೂ ಬದಿಗೆ ಮೀಟರಿನ ಮೊನೆ ಇಟ್ಟು ಮಿಲಿವೋಲ್ಟ್ ನೋಡಿದೆ. ಎಲ್ಲ ಕಡೆ 3, 4. ಒಂಬತ್ತನೆಯ ಸೆಲ್ಲಿನ ಹತ್ತಿರ 38. ಕಣ್ಣಿಗೆ ಏನೂ ಕಾಣುವುದಿಲ್ಲ, ನಟ್ಟೂ ಬಿಗಿಯೇ. ಆದರೆ ಆ ಒಂದು ಸಂದಿಯಲ್ಲೇ ಸುಮಾರು ಒಂದು ವ್ಯಾಟ್ ಬಿಸಿಯಾಗುತ್ತಿತ್ತು, ಏರಿನಲ್ಲಿ ಕರೆಂಟ್ ಇಮ್ಮಡಿಯಾದರೆ ಅದು ನಾಲ್ಕು ಪಟ್ಟು. ಬಿಚ್ಚಿ ನೋಡಿದರೆ ಅಲ್ಯೂಮಿನಿಯಂ ಮುಖದ ಮೇಲೆ ಹಾಲಿನ ಕೆನೆಯಂಥ ಮಸುಕು ಪದರ. ನಯವಾದ ಮರಳು ಕಾಗದದಿಂದ ನಾಲ್ಕು ಸಲ ತಿಕ್ಕಿ, ಒರೆಸಿ, ಮತ್ತೆ ಬಿಗಿದ ಮೇಲೆ 4 ಮಿಲಿವೋಲ್ಟಿಗೆ ಇಳಿಯಿತು. ಈ ಹತ್ತು ನಿಮಿಷದ ಪರೀಕ್ಷೆ ಮಾಡದೆ ಯಾವ ಪ್ಯಾಕನ್ನೂ ಮುಚ್ಚಬೇಡಿ.

ಮುಚ್ಚಿ, ಬೈಕಿಗೆ ಕೂರಿಸಿ, ಸ್ವಿಚ್ ಹಾಕಿದರೆ ಏನೂ ಆಗಲಿಲ್ಲ. ಮತ್ತೆ ಹಾಕಿದೆ. ಸತ್ತ ಹಾಗೆ ಬಿದ್ದಿತ್ತು. ಕಂಟ್ರೋಲರ್ ಒಳಗೆ ದೊಡ್ಡ ಕೆಪಾಸಿಟರುಗಳಿರುತ್ತವೆ, ಸ್ವಿಚ್ ಹಾಕಿದ ಗಳಿಗೆಯಲ್ಲಿ ಅವು ಬಾಯಾರಿದ ದನದಂತೆ ಒಮ್ಮೆಲೇ ಹೀರುತ್ತವೆ. ಸೀಸದ ಬ್ಯಾಟರಿ ಇದ್ದಾಗ ಅದು ಒಂದು ಕಿಡಿಯಲ್ಲಿ ಮುಗಿಯುತ್ತಿತ್ತು. ಬಿಎಂಎಸ್ ಅದನ್ನು ಶಾರ್ಟ್ ಸರ್ಕ್ಯೂಟ್ ಎಂದು ತಿಳಿದು ಬಾಗಿಲು ಮುಚ್ಚುತ್ತಿತ್ತು. 100 ಓಮ್, 10 ವ್ಯಾಟಿನ ಒಂದು ರೆಸಿಸ್ಟರನ್ನು ಒತ್ತು ಬಟನ್ನಿನ ಮೂಲಕ ಸೇರಿಸಿದೆ. ಮೊದಲು ಬಟನ್ ಒತ್ತಿ ಎರಡು ಎಣಿಸಬೇಕು, ಆಮೇಲೆ ಮುಖ್ಯ ಸ್ವಿಚ್. "ಬಾವಿಯ ಪಂಪಿಗೆ ಮೊದಲು ನೀರು ಹೊಯ್ಯುವುದಿಲ್ಲವೇ, ಹಾಗೆ" ಎಂದು ಕಾಕಾ ತಮಗೆ ತಾವೇ ಅರ್ಥ ಹೇಳಿಕೊಂಡರು.

ಮೊದಲ ತಪ್ಪು ಹೊರಗೆ ಬಂದದ್ದು ಚಾರ್ಜ್ ಮಾಡುವಾಗ. ಹಳೆಯ ಚಾರ್ಜರನ್ನೇ ಸದ್ಯಕ್ಕೆ ಹಚ್ಚಿದ್ದೆ. 54.7 ವೋಲ್ಟಿಗೆ ಬಿಎಂಎಸ್ ಕಡಿದುಹಾಕಿತು, ಒಳಗೆ ಹೋದದ್ದು ಎಣಿಸಿದರೆ ಪ್ಯಾಕಿನ ತುಂಬು 41 ಆಂಪಿಯರ್-ಅವರ್ ಮಾತ್ರ. ಒಂದೊಂದೇ ಸೆಲ್ಲು ನೋಡಿದಾಗ ಹನ್ನೊಂದನೆಯದು 3.65ರ ತುದಿಗೆ ಹೋಗಿ ನಿಂತಿತ್ತು, ಉಳಿದವು 3.40ರ ಹತ್ತಿರ. ಮೇಜಿನ ಮೇಲೆ 3.30 ತೋರಿಸಿದ ಸೆಲ್ಲಿಗೂ 3.29 ತೋರಿಸಿದ ಸೆಲ್ಲಿಗೂ ಒಳಗೆ ಒಂಬತ್ತು ಆಂಪಿಯರ್-ಅವರ್ ಅಂತರವಿತ್ತು. ಎಲ್‌ಎಫ್‌ಪಿಯ ಗುಣವೇ ಇದು, ನಡು ಹೊಟ್ಟೆಯಲ್ಲಿ ವೋಲ್ಟೇಜು ಅಲುಗುವುದೇ ಇಲ್ಲ. ಗೊತ್ತಿದ್ದೂ ಮೋಸ ಹೋದೆ.

ಬಿಎಂಎಸ್ ತಾನೇ ಸರಿದೂಗಿಸುತ್ತದಲ್ಲ ಎಂದು ಕಾಯಬಹುದಿತ್ತು. ಅದು ಹೆಚ್ಚಿದ್ದ ಸೆಲ್ಲಿನಿಂದ ಸೋಸುವುದು 50 ಮಿಲಿಆಂಪಿಯರ್. ಒಂಬತ್ತು ಆಂಪಿಯರ್-ಅವರ್ ಇಳಿಸಲು 180 ಗಂಟೆ, ಅದೂ ಪ್ಯಾಕು ತುದಿಯಲ್ಲಿ ತುಂಬಿ ನಿಂತಿದ್ದರೆ. ಎಲ್ಲ ಬಿಚ್ಚಿದೆ. ಹದಿನಾರನ್ನೂ ಸಮಾಂತರವಾಗಿ ಕಟ್ಟಿ 3.60 ವೋಲ್ಟಿಗೆ ಹೊಂದಿಸಿದ ಸಪ್ಲೈ ಹಚ್ಚಿದೆ. ಹಾಗೆ ಕಟ್ಟಿದರೆ ಅದು 800 ಆಂಪಿಯರ್-ಅವರ್‌ನ ಒಂದೇ ದೊಡ್ಡ ಸೆಲ್ಲು, ನನ್ನ ಸಪ್ಲೈ 10 ಆಂಪಿಯರಿನದು. ಮೊದಲೇ ಬಹುಪಾಲು ತುಂಬಿದ್ದರಿಂದ ಒಂದು ದಿನದಲ್ಲಿ ಮುಗಿಯಿತು, ಖಾಲಿಯಿದ್ದರೆ ಮೂರು ದಿನ ದಾಟುತ್ತಿತ್ತು. ಮತ್ತೆ ಸರಣಿ, ಮತ್ತೆ ಮಿಲಿವೋಲ್ಟ್ ಪರೀಕ್ಷೆ. ಆಮೇಲೆ ಪ್ಯಾಕು 49 ಆಂಪಿಯರ್-ಅವರ್ ಕೊಟ್ಟಿತು. ಹಳೆಯ ಚಾರ್ಜರನ್ನು ಗುಜರಿಯ ಮೂಲೆಗೆ ಹಾಕಿ, 56.8 ವೋಲ್ಟಿಗೆ ನಿಲ್ಲುವ ಎಲ್‌ಎಫ್‌ಪಿ ಚಾರ್ಜರ್ ತರಿಸಿದೆ.

ಸುಟ್ಟದ್ದು

ಮಾರ್ಚ್ ಮಧ್ಯದಲ್ಲಿ ಬೈಕು ಊರಿಗೆ ಹೋಯಿತು. ಮೊದಲ ದಿನವೇ ಫೋನು: "ನಾಲ್ಕು ಸುತ್ತು ಮುಗಿಸಿದೆ, ಏರು ಬಂದದ್ದೇ ತಿಳಿಯಲಿಲ್ಲ." ವೇಗವೂ ಗಂಟೆಗೆ 36ರಿಂದ 40ಕ್ಕೆ ಏರಿತ್ತು. ನನ್ನ ಮೀಸೆಯೂ ಸ್ವಲ್ಪ ಏರಿತ್ತು.

ಒಂಬತ್ತನೆಯ ದಿನ ಏರಿನಲ್ಲಿ ಎಂಸಿಬಿ ಬಿತ್ತು. ಎತ್ತಿದರೆ ಓಡಿತು, ಮಧ್ಯಾಹ್ನ ಮತ್ತೆ ಬಿತ್ತು. ಫೋನಿನಲ್ಲಿ ಕೇಳಿಸಿಕೊಂಡ ನಾನು, ಕೈಯಲ್ಲಿ ಬೇರೆ ಕೆಲಸ ಇಟ್ಟುಕೊಂಡು, "ಅದು 32ರದ್ದು ಕಾಕಾ, 63ರದ್ದು ಹಾಕಿಬಿಡಿ" ಎಂದೆ. ಇಡೀ ಪ್ರಕರಣದಲ್ಲಿ ನಾಚಿಕೆಪಡಬೇಕಾದ ಮಾತು ಇದು. ಬೀಳುತ್ತಿದ್ದ ಎಂಸಿಬಿ ಕಿರುಚಿ ಹೇಳುತ್ತಿದ್ದದ್ದನ್ನು ಕೇಳದೆ ಅದರ ಬಾಯಿ ಮುಚ್ಚಿಸಿದ್ದೆ.

ಹನ್ನೊಂದನೆಯ ದಿನ ಏರಿನ ಅರ್ಧದಲ್ಲಿ ಕಾಕಾನಿಗೆ ಸುಟ್ಟ ವಾಸನೆ ಬಂತು. ಸೀಟಿನ ಕೆಳಗಿಂದ ಹೊಗೆ. ಅವರು ಗಾಬರಿಯಾಗಲಿಲ್ಲ. ಬೈಕು ಮಲಗಿಸದೆ ಸ್ಟ್ಯಾಂಡ್ ಹಾಕಿ, ತಲೆಗೆ ಸುತ್ತಿದ್ದ ಟವೆಲನ್ನು ಕೈಗೆ ಸುತ್ತಿಕೊಂಡು ಬ್ಯಾಟರಿಯ ಪ್ಲಗ್ ಕಿತ್ತರು. ಅಷ್ಟರಲ್ಲಿ ಮುಗಿಯಿತು. ಒಂದು ಕ್ರೇಟು ಚಿಕ್ಕು ಮಾತ್ರ ಉರುಳಿ ಹಳ್ಳಕ್ಕೆ ಹೋಯಿತಂತೆ.

ಮಾರನೆಯ ದಿನ ನಾನೇ ಹೋದೆ. ಬ್ಯಾಟರಿ ಪೆಟ್ಟಿಗೆ ತಣ್ಣಗಿತ್ತು, ಒಂದು ಸೆಲ್ಲಿಗೂ ಏನೂ ಆಗಿರಲಿಲ್ಲ. ಸುಟ್ಟದ್ದು ಎಂಸಿಬಿಯ ಒಂದು ತುದಿ ಮತ್ತು ಅದಕ್ಕೆ ಸೇರಿದ ಒಂದು ಗೇಣು ತಂತಿ. ತಂತಿಯ ತುದಿಗೆ ಒತ್ತಿ ಕೂರಿಸುವ ಲೋಹದ ತೊಡಪು, ಲಗ್ಗು, ಹಾಕಿಯೇ ಇರಲಿಲ್ಲ, ಎಳೆಗಳನ್ನು ಹೊಸೆದು ತಿರುಪಿನ ಕೆಳಗೆ ತೂರಿಸಿದ್ದರು. ಎರಡು ಎಳೆ ಹೊರಗೇ ಇದ್ದವು. ತಾಮ್ರ ನೇರಳೆ ಬಣ್ಣಕ್ಕೆ ತಿರುಗಿತ್ತು, ಪ್ಲಾಸ್ಟಿಕ್ಕು ಕಂದಾಗಿ ಗಡುಸಾಗಿ ಉಗುರು ತಗುಲಿದರೆ ಚೂರಾಗುತ್ತಿತ್ತು. ತಿರುಪು ಕೈಬೆರಳಿಗೇ ತಿರುಗಿತು.

ಇದೇ ತಂತಿ, ಇದೇ ಸಡಿಲ ತಿರುಪು, ಹದಿನಾಲ್ಕು ತಿಂಗಳು ಸುಡದೆ ಇದ್ದದ್ದು ಹೇಗೆ? ಕ್ಲ್ಯಾಂಪ್ ಮೀಟರಿನಿಂದ ಬರೆದಿಟ್ಟಿದ್ದ ಅಂಕಿಗಳನ್ನು ತೆಗೆದು ನೋಡಿದೆ. ಹಳೆಯ ಬ್ಯಾಟರಿ ಏರಿನಲ್ಲಿ 36 ಆಂಪಿಯರ್ ಮೀರಿ ಕೊಟ್ಟೇ ಇರಲಿಲ್ಲ. ಅಷ್ಟಕ್ಕೇ ಅದು ಕುಸಿಯುತ್ತಿತ್ತು, ಕಂಟ್ರೋಲರ್ ನಿಲ್ಲಿಸುತ್ತಿತ್ತು, ಆ ಬಿಕ್ಕಳಿಕೆಯ ನಡುವೆ ತಂತಿಗೆ ತಣಿಯಲು ಬಿಡುವು ಸಿಗುತ್ತಿತ್ತು. ಹೊಸ ಬ್ಯಾಟರಿ 51 ವೋಲ್ಟಿನಿಂದ ಕದಲದೆ 50 ಆಂಪಿಯರ್ ಕೊಡುತ್ತದೆ, ಏರು ಮುಗಿಯುವವರೆಗೂ ಕೊಡುತ್ತದೆ. ತಂತಿಯ ಬಿಸಿ ಕರೆಂಟಿನ ವರ್ಗದಂತೆ ಏರುತ್ತದೆ. 36ರಿಂದ 50ಕ್ಕೆ ಹೋದರೆ ಹತ್ತಿರ ಹತ್ತಿರ ಎರಡು ಪಟ್ಟು. ನಾವು ಬೈದುಕೊಳ್ಳುತ್ತಿದ್ದ ಹಳೆಯ ಬ್ಯಾಟರಿಯ ಸೋಮಾರಿತನವೇ ಇಷ್ಟು ದಿನ ತಂತಿಯನ್ನು, ತಿರುಪನ್ನು, ಮೋಟಾರನ್ನು ಕಾಯುತ್ತಿತ್ತು. ಬೈಕಿನಲ್ಲಿ ಇದ್ದ ನಿಜವಾದ ಫ್ಯೂಸು ಅದೇ ಆಗಿತ್ತು. ಅದನ್ನು ತೆಗೆದು ಗುಜರಿಗೆ ಕೊಟ್ಟವನು ನಾನು.

ಆಮೇಲೆ ಮಾಡಿದ್ದನ್ನು ಬೇಗ ಹೇಳುತ್ತೇನೆ. 16 ಚದರ ಮಿಲಿಮೀಟರಿನ ಬಾಗುವ ತಾಮ್ರದ ಕೇಬಲ್, ಹೈಡ್ರಾಲಿಕ್ ಒತ್ತುಗದಿಂದ ಕ್ರಿಂಪ್ ಮಾಡಿದ ತವರ ಲೇಪದ ಲಗ್ಗು. ಎರಡೂ ತಂತಿ ಸೇರಿ ಉದ್ದ 2.2 ಮೀಟರ್, ಹಳೆಯ ತಂತಿಯಲ್ಲಿ 50 ಆಂಪಿಯರಿಗೆ 27 ವ್ಯಾಟ್ ಬಿಸಿಯಾಗಿ ಹೋಗುತ್ತಿದ್ದದ್ದು ಏಳರೊಳಗೆ ಬಂತು. ಎಂಸಿಬಿ ತೆಗೆದೆ. ಮನೆಯ ಎಸಿ ಕರೆಂಟ್ ಸೆಕೆಂಡಿಗೆ ನೂರು ಸಲ ಸೊನ್ನೆ ಮುಟ್ಟುತ್ತದೆ, ಸ್ವಿಚ್ಚಿನ ಕಿಡಿಗೆ ಆರಲು ಅವಕಾಶ ಸಿಗುತ್ತದೆ. ಬ್ಯಾಟರಿಯ ಡಿಸಿ ಕರೆಂಟಿಗೆ ಆ ಬಿಡುವು ಇಲ್ಲ. ಕೆಲವು ಎಂಸಿಬಿಗಳ ಮೇಲೆ ಡಿಸಿಯ ಮಿತಿಯನ್ನೂ ಅಚ್ಚು ಹಾಕಿರುತ್ತಾರೆ, ಇದರ ಮೇಲೆ ಏನೂ ಇರಲಿಲ್ಲ. ಬದಲಿಗೆ ಬ್ಯಾಟರಿಯ ಧನ ತುದಿಗೆ ಅಂಟಿಕೊಂಡಂತೆ 80 ಆಂಪಿಯರಿನ ಡಿಸಿ ಫ್ಯೂಸು. ಕಾರಿನ ಅಂಗಡಿಯಲ್ಲಿ ಸಿಗುವ ಬ್ಲೇಡ್ ಫ್ಯೂಸುಗಳಲ್ಲಿ ಹೆಚ್ಚಿನವು 32 ವೋಲ್ಟಿಗೆ ಮಾಡಿದವು, ಇಲ್ಲಿಗೆ ಅವು ಆಗುವುದಿಲ್ಲ. ಈ ಪ್ಯಾಕಿನ ಎರಡು ತುದಿಗೆ ಅಕಸ್ಮಾತ್ ಪಾನಾ ಅಡ್ಡ ಬಿದ್ದರೆ ಸಾವಿರಾರು ಆಂಪಿಯರ್ ಹರಿಯುತ್ತದೆ. ಸೀಸದ ಬ್ಯಾಟರಿಯ ಮೇಲೆ ಪಾನಾ ಇಟ್ಟು ಚಹಾ ಕುಡಿಯಲು ಹೋಗುವ ಅಭ್ಯಾಸ ನಮ್ಮ ಕಸುಬಿನವರಿಗಿದೆ, ಇದರ ಮೇಲೆ ಬೇಡ.

ಉಳಿದದ್ದು ಮೋಟಾರು. ಅದು ನನ್ನ ಕಸುಬಿನ ವಸ್ತು, ಆದ್ದರಿಂದ ಹೆಚ್ಚು ಯೋಚಿಸಿದ್ದು ಅದರ ಬಗ್ಗೆಯೇ. 1200 ವ್ಯಾಟಿನ ಮೋಟಾರಿಗೆ ಏರಿನಲ್ಲಿ 2500 ವ್ಯಾಟ್ ಹೋಗುತ್ತಿತ್ತು. ಏರು ಮುಗಿದ ಮೇಲೆ ಹೊರ ಕವಚದ ಬಿಸಿ 71 ಡಿಗ್ರಿ, ಮೊದಲು 58 ಇರುತ್ತಿತ್ತು. ಒಳಗಿನ ತಂತಿ ಅದಕ್ಕಿಂತ ಬಹಳ ಬಿಸಿಯಾಗಿರುತ್ತದೆ. ಬಿ ದರ್ಜೆಯ ವೈಂಡಿಂಗಾದರೆ 130 ಡಿಗ್ರಿ, ಎಫ್ ದರ್ಜೆಯಾದರೆ 155, ಅಷ್ಟು ತಾಳುತ್ತದೆ. ಈ ಮೋಟಾರಿನ ಪಟ್ಟಿಯ ಮೇಲಿನ ಅಕ್ಷರ ಅಳಿಸಿಹೋಗಿತ್ತು. ತಾಳುತ್ತದೆಯೋ ಇಲ್ಲವೋ ಎಂದು ಸುಟ್ಟು ನೋಡುವ ಬದಲು ಹಿಂದಿನ ಸ್ಪ್ರಾಕೆಟ್ ಬದಲಿಸಿದೆವು, 36 ಹಲ್ಲಿನದಕ್ಕೆ 42 ಹಲ್ಲಿನದು. ಹೊಸ ಬ್ಯಾಟರಿ ಕೊಟ್ಟ ವೇಗವನ್ನು ಹಲ್ಲಿನಲ್ಲಿ ಮರಳಿ ಪಡೆದು ಏರಿಗೆ ಕೊಟ್ಟ ಹಾಗೆ. ವೇಗ 34ಕ್ಕೆ ಇಳಿಯಿತು, ಏರಿನ ಕರೆಂಟು 44ಕ್ಕೆ. ಕಾಕಾನಿಗೆ ಸ್ವಲ್ಪ ಬೇಸರವಾಯಿತು. ಅವರ ಹೆಂಡತಿ, ನಮ್ಮ ಕಾಕು, ಮಾತ್ರ "ಒಳ್ಳೆಯದಾಯಿತು, ಈ ವಯಸ್ಸಿಗೆ ಅಷ್ಟು ಓಡಿಸಿ ಯಾವ ಊರಿಗೆ ಹೋಗಬೇಕಿದೆ?" ಎಂದರು.

ಹಗೇವಿನ ಲೆಕ್ಕ

ಇನ್ನೊಂದು ದೂರು ಉಳಿದಿತ್ತು. ಹ್ಯಾಂಡಲಿನ ಮೇಲೆ ಐದು ದೀಪದ ಹಳೆಯ ಬ್ಯಾಟರಿ ಮೀಟರ್ ಇತ್ತು. ಬೆಳಗ್ಗೆ ಐದೂ ಉರಿಯುತ್ತಿದ್ದವು, ಸಂಜೆಗೂ ಐದೂ ಉರಿಯುತ್ತಿದ್ದವು. ಒಂದು ದಿನ ಚಾರ್ಜ್ ಹಾಕುವುದನ್ನು ಮರೆತು ಮರುದಿನವೂ ಓಡಿಸಿದರು, ಐದು ದೀಪ ಇದ್ದಂತೆಯೇ ಬೈಕು ಒಮ್ಮೆಲೇ ಸತ್ತುಹೋಯಿತು. ಬಿಕ್ಕಳಿಕೆ ಇಲ್ಲ, ಮುನ್ಸೂಚನೆ ಇಲ್ಲ. ಮೇಜಿನ ಮೇಲೆ ನನ್ನನ್ನು ಏಮಾರಿಸಿದ ಗುಣವೇ ಇಲ್ಲಿ ಕಾಕಾನನ್ನು ಏಮಾರಿಸಿತ್ತು. ತೊಂಬತ್ತು ಭಾಗ ತುಂಬಿದ್ದಾಗ ಈ ಪ್ಯಾಕು ಸುಮಾರು 53.3 ವೋಲ್ಟ್, ಇಪ್ಪತ್ತಕ್ಕೆ ಬಂದಾಗ 51.5. ಸೀಸದ ಬ್ಯಾಟರಿಗೆಂದು ಮಾಡಿದ ದೀಪಗಳಿಗೆ ಈ ಎರಡೂ ತುಂಬಿದ ಹೊಟ್ಟೆಯೇ.

ಅರ್ಥ ಮಾಡಿಸಲು ನನಗೆ ಸಿಕ್ಕಿದ್ದು ಅವರ ಅಂಗಳದ ಹಗೇವು, ಕಾಳು ತುಂಬಿಡುವ ನೆಲದೊಳಗಿನ ಕಣಜ. ಈಗ ಅದರಲ್ಲಿ ಜೋಳ ಇಡುವುದಿಲ್ಲ, ಬಾಯಿಗೆ ಕಲ್ಲು ಮುಚ್ಚಿದೆ. "ಕಾಕಾ, ಹಗೇವಿನಲ್ಲಿ ಎಷ್ಟು ಜೋಳ ಉಳಿದಿದೆ ಎಂದು ಮೇಲೆ ನಿಂತು ಹೇಗೆ ಹೇಳುತ್ತಿದ್ದಿರಿ?" ಎಂದು ಕೇಳಿದೆ. "ಮೇಲೆ ನಿಂತು ಏನು ಕಾಣುತ್ತದೆ? ಎಷ್ಟು ಚೀಲ ಸುರಿದೆವು, ಎಷ್ಟು ತೆಗೆದೆವು ಎಂಬ ಲೆಕ್ಕ ಇಡಬೇಕು." ಶಂಟ್ ಮೀಟರ್ ಮಾಡುವುದು ಅದನ್ನೇ. ಋಣ ತಂತಿಯ ನಡುವೆ ಕೂರುವ ಒಂದು ಲೋಹದ ತುಂಡು, ಅದರ ಮೂಲಕ ಹೋದ ಪ್ರತಿ ಆಂಪಿಯರನ್ನೂ ಬಂದ ಪ್ರತಿ ಆಂಪಿಯರನ್ನೂ ಎಣಿಸಿ ಉಳಿದದ್ದನ್ನು ತೋರಿಸುತ್ತದೆ. ಐದು ದೀಪ ಕಿತ್ತು ಅದನ್ನು ಹಾಕಿದೆ. ಕೇಬಲ್, ಫ್ಯೂಸು, ಸ್ಪ್ರಾಕೆಟ್, ಚಾರ್ಜರ್, ಈ ಮೀಟರ್ ಎಲ್ಲ ಸೇರಿ ಇನ್ನೂ 13,500 ರೂಪಾಯಿ ಬಿತ್ತು. ನನ್ನ ಕೂಲಿ ಕೇಳಲಿಲ್ಲ. ಫೋನಿನಲ್ಲಿ ಹೇಳಿದ ಆ ಒಂದು ಮಾತಿಗೆ ಅದು ದಂಡ.

ಚಾರ್ಜಿಂಗಿಗೆ ಒಂದು ಕಟ್ಟಳೆ ಮಾಡಿಕೊಟ್ಟಿದ್ದೇನೆ. ತಗಡಿನ ಶೆಡ್ಡಿನಲ್ಲಿ ಏಪ್ರಿಲ್ ಮಧ್ಯಾಹ್ನ 44 ಡಿಗ್ರಿ ಇತ್ತು. ಸೆಲ್ಲು 45 ದಾಟಿದರೆ ಚಾರ್ಜ್ ನಿಲ್ಲಿಸುವಂತೆ ಬಿಎಂಎಸ್‌ನಲ್ಲಿ ಹೊಂದಿಸಿದ್ದೇನೆ, ಅದರ ತಾಪಮಾನದ ಕಣ್ಣನ್ನು ಪೆಟ್ಟಿಗೆಯ ಗೋಡೆಯಿಂದ ತೆಗೆದು ನಡುವಿನ ಎರಡು ಸೆಲ್ಲುಗಳ ಸಂದಿಗೆ ಅಂಟಿಸಿದ್ದೇನೆ. ಅವರು ಈಗ ರಾತ್ರಿ ಊಟವಾದ ಮೇಲೆ, ಬೈಕನ್ನು ಬೇವಿನ ಮರದ ಕೆಳಗೆ ತಂದು ಹಚ್ಚುತ್ತಾರೆ.

ಜೂನ್ ಮೊದಲ ಮಳೆಯ ನಂತರ ಹೋಗಿ ಪೆಟ್ಟಿಗೆ ಬಿಚ್ಚಿ ನೋಡಿದೆ. ಸಂದಿಗಳೆಲ್ಲ 3, 4 ಮಿಲಿವೋಲ್ಟಿನಲ್ಲೇ ಇವೆ, ಒಂಬತ್ತನೆಯದೂ. ಹನ್ನೊಂದನೆಯ ಸೆಲ್ಲು ಚಾರ್ಜಿನ ಕೊನೆಗೆ ಉಳಿದವುಗಳಿಗಿಂತ ಈಗಲೂ ಒಂದು ಹೆಜ್ಜೆ ಮುಂದಿರುತ್ತದೆ, 3.58 ಮುಟ್ಟಿದಾಗ ಉಳಿದವು 3.55. ದೀಪಾವಳಿಯ ಹೊತ್ತಿಗೆ ಮತ್ತೆ ನೋಡಬೇಕು. ಶೆಡ್ಡಿನ ಬಾಗಿಲ ಹಿಂದೆ ಕಾಕಾ ಸೀಮೆಸುಣ್ಣದಿಂದ ದಿನವೂ ಮೀಟರಿನ ಲೆಕ್ಕದಲ್ಲಿ ಖರ್ಚಾದ ಆಂಪಿಯರ್-ಅವರ್ ಬರೆದಿಟ್ಟಿದ್ದಾರೆ, ಜೋಳದ ಚೀಲ ಬರೆಯುತ್ತಿದ್ದ ಅದೇ ಹಲಗೆಯ ಮೇಲೆ. 22, 22, 23, 21. ನಡುವೆ ಒಂದು ಮಂಗಳವಾರ 34 ಇತ್ತು. ಕಲಾದಗಿಯ ಸಂತೆ ಯಾವ ವಾರ ಎಂದು ನಾನು ಕೇಳಲಿಲ್ಲ.